ಹೊಗೆ ಎಂದರೆ ಉರಿಯದೆ ಹೋದ ಕಟ್ಟಿಗೆ

ಜನವರಿ ಮುಗಿಯುವ ಹೊತ್ತಿಗೆ ಕಲಬುರಗಿಯ ಎರೆಹೊಲಗಳಲ್ಲಿ ತೊಗರಿ ರಾಶಿ ಮುಗಿದಿರುತ್ತದೆ. ಕಾಳು ಚೀಲ ಸೇರಿತು, ಹೊಟ್ಟು ದನಗಳ ಪಾಲಾಯಿತು, ಹೊಲದಲ್ಲಿ ಉಳಿದದ್ದು ಕಟ್ಟಿಗೆ. ಹಿಂದೆ ಇದೇ ಕಟ್ಟಿಗೆ ಒಲೆಗೂ ಬೇಲಿಗೂ ಬೇಕಿತ್ತು. ಗ್ಯಾಸ್ ಬಂದ ಮನೆಗಳಿಗೆ ಈಗ ಅದರ ಅಗತ್ಯ ಅಷ್ಟಿಲ್ಲ, ಹೊತ್ತು ತರುವ ಕೂಲಿಯೂ ಹುಟ್ಟುವುದಿಲ್ಲ. ಹಾಗಾಗಿ ಬದುವಿನ ಪಕ್ಕ ಒಟ್ಟಿ ಕಡ್ಡಿ ಗೀರುತ್ತಾರೆ. ಬೀದರ್, ಆಳಂದ, ಅಫಜಲಪುರದ ಕಡೆ ಕಬ್ಬಿನ ರವದಿ, ಅಂದರೆ ಒಣಗಿದ ಗರಿ. ಶಹಾಪುರ, ಸುರಪುರದ ಕಡೆ ಭತ್ತದ ಹುಲ್ಲು, ಹತ್ತಿ ಕಟ್ಟಿಗೆ. ಸಂಜೆ ಗಾಳಿ ನಿಂತ ಮೇಲೆ ಹೊಗೆ ಮೇಲೇರದೆ ಊರ ಮೇಲೆ ಚಾದರ ಹಾಸಿದಂತೆ ಮಲಗುತ್ತದೆ.

ಸುಡಬೇಕೋ ಬೇಡವೋ ಎಂಬ ವಾದ ವರ್ಷವರ್ಷವೂ ನಡೆಯುತ್ತದೆ. ಆ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆ ಕಳೆದುಹೋಗುತ್ತದೆ. ಇದೇ ತೊಗರಿ ಕಟ್ಟಿಗೆಯನ್ನು ಒಣಗಿಸಿ, ನಾಲ್ಕು ನಾಲ್ಕಾಗಿ ಒಲೆಗೆ ಇಟ್ಟರೆ ರೊಟ್ಟಿ ಬೇಯುವಷ್ಟು ಹೊತ್ತು ಧಗಧಗ ಉರಿಯುತ್ತದೆ, ಹೊಗೆ ಕಡಿಮೆ. ಹೊಲದಲ್ಲಿ ಗುಡ್ಡೆ ಹಾಕಿ ಹಚ್ಚಿದರೆ ಕಣ್ಣು ಬಿಡಲು ಆಗುವುದಿಲ್ಲ. ಕಟ್ಟಿಗೆ ಅದೇ, ಕಡ್ಡಿಪೆಟ್ಟಿಗೆ ಅದೇ. ವ್ಯತ್ಯಾಸ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಲು ಎಂಟನೇ ತರಗತಿಯ ದಹನದ ಪಾಠ ಸಾಕು. ಆದರೆ ಆ ಪಾಠವನ್ನು ‘ಇಂಧನ, ಗಾಳಿ, ಜ್ವಲನ ತಾಪ’ ಎಂದು ಬಾಯಿಪಾಠ ಮಾಡಿ ಬಿಟ್ಟರೆ ಉತ್ತರ ಸಿಗುವುದಿಲ್ಲ. ಎಷ್ಟು ಗಾಳಿ, ಎಷ್ಟು ಬಿಸಿ, ಯಾವ ಹೊತ್ತಿಗೆ ಎಂದು ಲೆಕ್ಕ ಹಾಕಬೇಕು.

ಮೊದಲು ಗಾಳಿಯ ಲೆಕ್ಕ. ಕಟ್ಟಿಗೆಯ ಮುಖ್ಯ ಭಾಗ ಸೆಲ್ಯುಲೋಸ್. ಅದರ ಒಂದು ಘಟಕದಲ್ಲಿ 6 ಕಾರ್ಬನ್, 10 ಹೈಡ್ರೋಜನ್, 5 ಆಕ್ಸಿಜನ್ ಪರಮಾಣುಗಳಿವೆ. ಪೂರ್ತಿ ಉರಿಯಲು ಇಂಥ ಒಂದು ಘಟಕಕ್ಕೆ 6 ಆಕ್ಸಿಜನ್ ಅಣು ಬೇಕು. ಆಗ 6 ಕಾರ್ಬನ್ ಡೈಆಕ್ಸೈಡ್ ಅಣು, 5 ನೀರಿನ ಅಣು ಹುಟ್ಟುತ್ತವೆ. ಇದನ್ನು ತೂಕಕ್ಕೆ ಇಳಿಸೋಣ. ಪರಮಾಣು ತೂಕಗಳನ್ನು ಕೂಡಿದರೆ ಘಟಕದ ತೂಕ 162, ಆರು ಆಕ್ಸಿಜನ್ ಅಣುಗಳದ್ದು 192. ಅಂದರೆ 1 ಕೆಜಿ ಒಣ ಕಟ್ಟಿಗೆಗೆ ಸುಮಾರು 1.19 ಕೆಜಿ ಆಕ್ಸಿಜನ್. ಗಾಳಿಯ ತೂಕದಲ್ಲಿ ಆಕ್ಸಿಜನ್ ಪಾಲು ಸುಮಾರು ಶೇ 23 (ಗಾತ್ರದಲ್ಲಿ ಶೇ 21). ಹಾಗಾಗಿ 5 ಕೆಜಿಗೂ ಮಿಕ್ಕಿ ಗಾಳಿ ಬೇಕು. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆಜಿ ತೂಗುತ್ತದೆ. ಒಂದು ಕೆಜಿ ಕಟ್ಟಿಗೆಗೆ ನಾಲ್ಕು ಘನ ಮೀಟರ್‌ಗೂ ಹೆಚ್ಚು ಗಾಳಿ ಎಂದಾಯಿತು. ಉರಿದ ಮೇಲೆ ಬರುವುದು 1.63 ಕೆಜಿ ಕಾರ್ಬನ್ ಡೈಆಕ್ಸೈಡ್, 0.56 ಕೆಜಿ ನೀರಿನ ಆವಿ. ಕೂಡಿಸಿ ನೋಡಿ: ಉರಿಯುವ ಮೊದಲಿನ ಕಟ್ಟಿಗೆ, ಆಕ್ಸಿಜನ್ ಸೇರಿ 2.19, ಉರಿದ ಮೇಲೂ 2.19. ಕಟ್ಟಿಗೆ ‘ಸುಟ್ಟು ಹೋಯಿತು’ ಎನ್ನುತ್ತೇವೆ, ಆದರೆ ಒಂದು ಗ್ರಾಂ ಕೂಡ ಎಲ್ಲಿಗೂ ಹೋಗಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ ತಕ್ಕಡಿ ಹಿಡಿದು ತೋರಿಸಿದ್ದು ಇದನ್ನೇ.

ಈಗ ಹೊಲದ ಗುಡ್ಡೆ ನೆನಪಿಸಿಕೊಳ್ಳಿ. ಆಳೆತ್ತರ ಒಟ್ಟಿದ ಕಟ್ಟಿಗೆಯ ನಡುವಿನ ಒಂದೊಂದು ಕೆಜಿಗೂ ನಾಲ್ಕು ಘನ ಮೀಟರ್ ಗಾಳಿ ಎಲ್ಲಿಂದ ಹೊಕ್ಕಬೇಕು? ಹೊರಮೈ ಉರಿಯುತ್ತದೆ, ಅಲ್ಲಿಗೆ ಬಂದ ಆಕ್ಸಿಜನ್ ಅಲ್ಲೇ ಮುಗಿಯುತ್ತದೆ. ಒಳಗಿನ ಕಟ್ಟಿಗೆಗೆ ಶಾಖ ಮುಟ್ಟುತ್ತದೆ, ಗಾಳಿ ಮುಟ್ಟುವುದಿಲ್ಲ. ಗಾಳಿಯಿಲ್ಲದೆ ಕಾದ ಕಟ್ಟಿಗೆ ಉರಿಯುವುದಿಲ್ಲ, ಬೇಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಕಟ್ಟಿಗೆಗೆ ಬೆಂಕಿ ಹತ್ತಿತು ಎನ್ನುವಾಗ ಉರಿಯುತ್ತಿರುವುದು ಕಟ್ಟಿಗೆಯಲ್ಲ, ಕಟ್ಟಿಗೆಯಿಂದ ಹೊರಟ ಅನಿಲ. 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಟ್ಟಿಗೆ ನೀರು ಬಿಡುತ್ತದೆ. 200 ಡಿಗ್ರಿ ದಾಟಿದ ಮೇಲೆ ಅದರ ದೊಡ್ಡ ಅಣುಗಳು ಒಡೆಯತೊಡಗುತ್ತವೆ. 300ರಿಂದ 500 ಡಿಗ್ರಿಯ ನಡುವೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್, ಮೀಥೇನ್, ಆಮ್ಲಗಳ ಆವಿ, ಟಾರಿನ ಆವಿ ಬುಸುಗುಟ್ಟುತ್ತ ಹೊರಬರುತ್ತವೆ. ಒಣ ಕಟ್ಟಿಗೆಯ ಮುಕ್ಕಾಲು ಪಾಲು ತೂಕ ಹೀಗೆ ಹಾರಿಹೋಗುವ ವಸ್ತು. ಇದ್ದಲಾಗಿ ಉಳಿಯುವುದು ಕಾಲು ಪಾಲು. ಈ ಅನಿಲಗಳು ಹೊತ್ತಿಕೊಳ್ಳಲು ಗಾಳಿಯ ಜೊತೆಗೆ ಒಳ್ಳೆಯ ಬಿಸಿಯೂ ಬೇಕು. ಕಾರ್ಬನ್ ಮೊನಾಕ್ಸೈಡ್‌ನ ಜ್ವಲನ ತಾಪವೇ 600 ಡಿಗ್ರಿಯ ಆಸುಪಾಸು. ಅಷ್ಟು ಬಿಸಿಯ ಜಾಗದಲ್ಲಿ ಆಕ್ಸಿಜನ್ ಸಿಕ್ಕರೆ ಜ್ವಾಲೆ. ಸಿಗದಿದ್ದರೆ ಟಾರಿನ ಆವಿ ತಣಿದು ಸಣ್ಣ ಹನಿಗಳಾಗುತ್ತದೆ, ಕಾರ್ಬನ್ ಕಣಗಳು ಅದಕ್ಕೆ ಸೇರುತ್ತವೆ. ಅದೇ ಹೊಗೆ. ಆ ಕಣಗಳಲ್ಲಿ ಹೆಚ್ಚಿನವು 2.5 ಮೈಕ್ರೋಮೀಟರ್‌ಗಿಂತ ಚಿಕ್ಕವು, ತಲೆಗೂದಲ ದಪ್ಪದ ಮೂವತ್ತರಲ್ಲಿ ಒಂದು ಪಾಲಿನಷ್ಟು. ಮೂಗಿನ ರೋಮಕ್ಕೂ ಗಂಟಲ ತೇವಕ್ಕೂ ಸಿಗದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಇದನ್ನು ತರಗತಿಯಲ್ಲೇ ತೋರಿಸಬಹುದು. ಮೇಣದಬತ್ತಿ ಹಚ್ಚಿ ಎರಡು ನಿಮಿಷ ಬಿಡಿ. ಗಾಳಿಯಾಡದ ಮೂಲೆಯಲ್ಲಿ ಉಫ್ ಎಂದು ಆರಿಸಿ. ಬತ್ತಿಯಿಂದ ಬಿಳಿ ಎಳೆ ಮೇಲೇಳುತ್ತದೆ. ಉರಿಯುವ ಕಡ್ಡಿಯನ್ನು ಬತ್ತಿಗೆ ತಾಕಿಸದೆ, ಎರಡು ಸೆಂಟಿಮೀಟರ್ ಮೇಲೆ ಆ ಎಳೆಗೆ ಹಿಡಿಯಿರಿ. ಬೆಂಕಿ ಎಳೆಯ ಗುಂಟ ಕೆಳಗೆ ಜಿಗಿದು ಬತ್ತಿ ಮತ್ತೆ ಹತ್ತುತ್ತದೆ. ಆ ಬಿಳಿ ಎಳೆ ಆವಿಯಾಗಿ ಮೇಲೆದ್ದು ತಣಿದ ಮೇಣ, ಅಂದರೆ ಇಂಧನ. ಕಡ್ಡಿ ತಡವಾಗಿ ಹಿಡಿದರೆ ಹತ್ತುವುದಿಲ್ಲ, ಅಷ್ಟರಲ್ಲಿ ಎಳೆ ಗಾಳಿಯಲ್ಲಿ ತೆಳುವಾಗಿರುತ್ತದೆ. ಫ್ಯಾನ್ ನಿಲ್ಲಿಸದೆ ಮಾಡಿದರೂ ಹತ್ತುವುದಿಲ್ಲ.

ಶಾಲೆಗಳಲ್ಲಿ ಇದಕ್ಕಿಂತ ಹೆಚ್ಚು ಪ್ರಸಿದ್ಧವಾದ ಇನ್ನೊಂದು ಪ್ರಯೋಗವಿದೆ: ತಟ್ಟೆಯ ನೀರಲ್ಲಿ ಮೇಣದಬತ್ತಿ ನಿಲ್ಲಿಸಿ ಮೇಲೆ ಗಾಜಿನ ಲೋಟ ಬೋರಲು ಹಾಕುವುದು. ಬತ್ತಿ ಆರುತ್ತದೆ, ನೀರು ಏರುತ್ತದೆ, ‘ನೋಡಿ, ಐದರಲ್ಲಿ ಒಂದು ಪಾಲು ಏರಿತು, ಆಕ್ಸಿಜನ್ ಅಷ್ಟೇ ಇತ್ತು’ ಎಂದು ಹೇಳಿ ಮುಗಿಸುತ್ತಾರೆ. ವಿವರಣೆ ತಪ್ಪು. ಮೇಣದಬತ್ತಿ ಲೋಟದ ಆಕ್ಸಿಜನ್ ಪೂರ್ತಿ ಮುಗಿಸುವುದಿಲ್ಲ. ಅದರ ಪಾಲು ಸುಮಾರು ಶೇ 16ಕ್ಕೆ ಇಳಿದಾಗಲೇ ಆರುತ್ತದೆ. ಖರ್ಚಾದ ಆಕ್ಸಿಜನ್ ಜಾಗಕ್ಕೆ ಕಾರ್ಬನ್ ಡೈಆಕ್ಸೈಡ್ ಬಂದಿರುತ್ತದೆ. ನೀರು ಏರುವುದು ಹೆಚ್ಚಾಗಿ ಲೋಟದೊಳಗಿನ ಬಿಸಿಗಾಳಿ ತಣಿದು ಕುಗ್ಗುವುದರಿಂದ. ಅನುಮಾನವಿದ್ದರೆ ಒಂದರ ಬದಲು ಮೂರು ಬತ್ತಿ ಹಚ್ಚಿ ನೋಡಿ, ನೀರು ಇನ್ನೂ ಮೇಲೇರುತ್ತದೆ. ಗಾಳಿಯಲ್ಲಿನ ಆಕ್ಸಿಜನ್ ಮೂರು ಪಟ್ಟು ಆಗಲಿಲ್ಲವಲ್ಲ! ಶೇ 16 ಎಂಬ ಸಂಖ್ಯೆಯನ್ನು ಮಾತ್ರ ನೆನಪಿಟ್ಟುಕೊಳ್ಳಿ. ಹೊಲದ ಗುಡ್ಡೆಯ ಒಳಗೆ ಜ್ವಾಲೆ ಸಾಯಲು ಆಕ್ಸಿಜನ್ ಪೂರ್ತಿ ಬರಿದಾಗಬೇಕಿಲ್ಲ, ಕೊಂಚ ಕಡಿಮೆಯಾದರೆ ಸಾಕು.

ಕಾರ್ಬನ್ ಡೈಆಕ್ಸೈಡ್ ಬಂದದ್ದನ್ನು ತೋರಿಸಲು ಸುಣ್ಣದ ತಿಳಿನೀರು ಬೇಕು. ಎಲೆಅಡಿಕೆಯ ಸುಣ್ಣ ಒಂದು ಚಮಚ, ಅರ್ಧ ಲೀಟರ್ ನೀರು, ಮುಚ್ಚಿದ ಬಾಟಲಿಯಲ್ಲಿ ಒಂದು ರಾತ್ರಿ. ಬೆಳಗ್ಗೆ ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಬತ್ತಿ ಆರಿದ ಸೀಸೆಗೆ ಎರಡು ಚಮಚ ಹಾಕಿ ಕುಲುಕಿದರೆ ಹಾಲಿನಂತಾಗುತ್ತದೆ. ಬಾಟಲಿಯ ಬಾಯಿ ತೆರೆದಿಟ್ಟಿದ್ದರೆ ಸುಣ್ಣದ ನೀರು ಕೋಣೆಯ ಗಾಳಿಯಿಂದಲೇ ಕೆಟ್ಟಿರುತ್ತದೆ, ಪ್ರಯೋಗ ಕೈಕೊಡುತ್ತದೆ. ಆ ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲಿನಲ್ಲಿರುವ ಅದೇ ವಸ್ತು. ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳಲ್ಲಿ ಇದರ ಉಲ್ಟಾ ನಡೆಯುತ್ತದೆ: ಸುಣ್ಣದ ಕಲ್ಲು ಕಾಸಿದಾಗ ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಡುತ್ತದೆ. ಅದು ದಹನವಲ್ಲ, ವಿಭಜನೆ. ಶಾಖ ಕೊಡುವುದಿಲ್ಲ, ತಿನ್ನುತ್ತದೆ. ಸಿಮೆಂಟ್ ಚಿಮಣಿಯಿಂದ ಬರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಕಲ್ಲಿದ್ದಲಿನ ಪಾಲಿಗಿಂತ ಕಲ್ಲಿನ ಪಾಲೇ ಹೆಚ್ಚು.

ಅಡುಗೆಮನೆಯ ಗ್ಯಾಸ್ ಒಲೆ ಪೂರ್ತಿ ದಹನ ಹೇಗಿರುತ್ತದೆ ಎಂದು ದಿನಾಲೂ ತೋರಿಸುತ್ತದೆ. ಎಲ್‌ಪಿಜಿ ಎಂದರೆ ಪ್ರೊಪೇನ್, ಬ್ಯುಟೇನ್ ಮಿಶ್ರಣ. ಪ್ರೊಪೇನಿನ ಲೆಕ್ಕ:

1 ಪ್ರೊಪೇನ್ + 5 ಆಕ್ಸಿಜನ್ → 3 ಕಾರ್ಬನ್ ಡೈಆಕ್ಸೈಡ್ + 4 ನೀರು + ಶಾಖ

ಒಂದು ಲೀಟರ್ ಪ್ರೊಪೇನಿಗೆ 5 ಲೀಟರ್ ಆಕ್ಸಿಜನ್, ಅಂದರೆ ಸುಮಾರು 24 ಲೀಟರ್ ಗಾಳಿ. ಬ್ಯುಟೇನಿಗೆ 31 ಲೀಟರ್. 14.2 ಕೆಜಿಯ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 220 ಕೆಜಿ ಗಾಳಿ ಖರ್ಚಾಗಿ, 43 ಕೆಜಿಯಷ್ಟು ಕಾರ್ಬನ್ ಡೈಆಕ್ಸೈಡ್, 22 ಕೆಜಿಗೂ ಮಿಕ್ಕಿ ನೀರಿನ ಆವಿ ಹುಟ್ಟಿರುತ್ತದೆ. ತಣ್ಣೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟ ತಕ್ಷಣ ಅದರ ತಳ ಬೆವರುವುದು ಈ ನೀರಿನಿಂದಲೇ, ಪಾತ್ರೆ ಸೋರುತ್ತಿಲ್ಲ.

ಇಷ್ಟು ಗಾಳಿ ಒದಗಿಸುವ ಉಪಾಯ ಬರ್ನರಿನ ಕೆಳಗಿದೆ. ಸಣ್ಣ ಜೆಟ್‌ನಿಂದ ರಭಸದಿಂದ ನುಗ್ಗುವ ಗ್ಯಾಸ್ ಪಕ್ಕದ ರಂಧ್ರದಿಂದ ಗಾಳಿಯನ್ನು ಎಳೆದುಕೊಂಡು, ಕೊಳವೆಯಲ್ಲಿ ಬೆರೆತು ಮೇಲೆ ಬರುತ್ತದೆ. ಗಾಳಿಯ ಒಂದು ಪಾಲು ಉರಿಯುವ ಮೊದಲೇ ಬೆರೆತಿರುವುದರಿಂದ ಜ್ವಾಲೆ ನೀಲಿ. ಜ್ವಾಲೆ ಹಳದಿಗೆ ತಿರುಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಗಾಳಿ ಸಾಲುತ್ತಿಲ್ಲ: ಆ ಹಳದಿ, ಉರಿಯದ ಕಾರ್ಬನ್ ಕಣಗಳು ಕಾದು ಹೊಳೆಯುವ ಬಣ್ಣ. ಕಾರಣ ಹೆಚ್ಚಾಗಿ ಉಕ್ಕಿದ ಹಾಲು, ಬೇಳೆಕಟ್ಟು ಬರ್ನರ್ ತೂತುಗಳಲ್ಲಿ ಒಣಗಿರುವುದು, ಇಲ್ಲವೇ ಗಾಳಿರಂಧ್ರದಲ್ಲಿ ಧೂಳು, ಜೇಡರಬಲೆ. ರೆಗ್ಯುಲೇಟರ್ ಬಂದ್ ಮಾಡಿ, ಬರ್ನರ್ ತಣಿದ ಮೇಲೆ ತಲೆ ತೆಗೆದು, ಬಿಸಿ ಸಾಬೂನು ನೀರಲ್ಲಿ ನೆನೆಸಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿಸಿ ಕೂರಿಸಿ. ಜೆಟ್‌ಗೆ ಮಾತ್ರ ಪಿನ್ ಹಾಕಬೇಡಿ. ಅದರ ತೂತು ಕೂದಲೆಳೆಯಷ್ಟು ಅಗಲವಾದರೂ ಗ್ಯಾಸ್ ಹೆಚ್ಚಿ, ಗಾಳಿ ಅದಕ್ಕೆ ತಕ್ಕಂತೆ ಹೆಚ್ಚದೆ, ಒಲೆ ಮೊದಲಿಗಿಂತ ಹೆಚ್ಚು ಮಸಿ ಕಾರುತ್ತದೆ. ಉಪ್ಪುನೀರು ಚೆಲ್ಲಿದಾಗ ಜ್ವಾಲೆ ಕ್ಷಣಹೊತ್ತು ಕಿತ್ತಳೆ ಆಗುವುದು ಸೋಡಿಯಂನಿಂದ, ಅದಕ್ಕೆ ರಿಪೇರಿ ಬೇಕಿಲ್ಲ.

ಹೊಗೆ ಇಲ್ಲ ಎಂದ ಮಾತ್ರಕ್ಕೆ ದಹನ ಪೂರ್ತಿಯಾಯಿತು ಎನ್ನುವಂತೆಯೂ ಇಲ್ಲ. ಬೀದರಿನ ಚಳಿಗಾಲದಲ್ಲಿ 10 ಡಿಗ್ರಿಗಿಂತ ಕೆಳಗಿಳಿಯುವ ರಾತ್ರಿಗಳಿವೆ. ಇದ್ದಲಿನ ಶೇಗಡಿಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿಕೊಂಡು ಮಲಗುವವರು ಹೇಳುವುದು ‘ಹೊಗೆಯೇ ಬರೋದಿಲ್ಲ’ ಎಂದು. ನಿಜ, ಇದ್ದಲು ಮಾಡುವಾಗಲೇ ಟಾರು ಹೋಗಿರುತ್ತದೆ. ಆದರೆ ಕೆಂಡದ ತಳದಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಮೇಲಿನ ಕೆಂಡಗಳ ನಡುವೆ ಏರುವಾಗ ಇನ್ನೊಂದು ಕಾರ್ಬನ್ ಪರಮಾಣುವನ್ನು ಸೇರಿ ಎರಡು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಮೇಲ್ಮೈ ನಿಗಿನಿಗಿ ಇದ್ದರೆ ಅದು ಸಣ್ಣ ನೀಲಿ ಜ್ವಾಲೆಯಾಗಿ ಉರಿದುಹೋಗುತ್ತದೆ. ಕೆಂಡ ಮಂಕಾಗಿ ಬೂದಿ ಮುಚ್ಚಿದ ಮೇಲೆ 600 ಡಿಗ್ರಿ ಎಲ್ಲಿ? ಉರಿಯದೆ ಕೋಣೆಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಬಲವಾಗಿ ಅಂಟುತ್ತದೆ. ತಲೆನೋವು, ಮಂಪರು ಬಂದರೆ ನಿದ್ದೆ ಎಂದುಕೊಳ್ಳುತ್ತಾರೆ. ಶೇಗಡಿ ಕೋಣೆಯೊಳಗೆ ಬೇಡ. ಕಿಟಕಿ ಒಂದು ಬೆರಳು ತೆರೆದಿದ್ದೇನೆ ಎಂಬ ಧೈರ್ಯವೂ ಬೇಡ.

ಮತ್ತೆ ಹೊಲಕ್ಕೆ ಬರೋಣ. ‘ಹಸಿ ಇದೆ, ಅದಕ್ಕೇ ಹೊಗೆ’ ಎಂಬ ಮಾತು ಅರ್ಧ ಸರಿ. ಶೇ 40 ನೀರಿರುವ 1 ಕೆಜಿ ಕಟ್ಟಿಗೆಯಲ್ಲಿ 600 ಗ್ರಾಂ ಒಣಪದಾರ್ಥ. ಅದರ ಶಾಖ, ಕೆಜಿಗೆ 18,000 ಕಿಲೋಜೂಲ್ ಎಂದು ಹಿಡಿದರೆ, ಸುಮಾರು 10,800. ಉಳಿದ 400 ಗ್ರಾಂ ನೀರನ್ನು ಕಾಸಿ ಆವಿ ಮಾಡಲು ಬೇಕಾಗುವುದು ಸುಮಾರು 1,000. ಹತ್ತರಲ್ಲಿ ಒಂದು ಪಾಲು ಮಾತ್ರ. ಪೆಟ್ಟು ಬೀಳುವುದು ಬೇರೆ ಕಡೆ: ನೀರಿರುವಷ್ಟು ಹೊತ್ತು ಆ ಜಾಗ 100 ಡಿಗ್ರಿಯಿಂದ ಮೇಲೇರುವುದಿಲ್ಲ, ಹೊರಟ ಆವಿ ಪಕ್ಕದ ಅನಿಲಗಳನ್ನೂ ತಣಿಸುತ್ತದೆ, ಟಾರು ಹೊತ್ತಿಕೊಳ್ಳುವ ಬಿಸಿ ಸಿಗುವುದೇ ಇಲ್ಲ.

ಇದಕ್ಕೆ ಪುರಾವೆ ಸಕ್ಕರೆ ಕಾರ್ಖಾನೆಯಲ್ಲಿದೆ. ಕಬ್ಬು ಅರೆದು ಉಳಿದ ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಆದರೂ ಅದು ಬಾಯ್ಲರಿನಲ್ಲಿ ಚೆನ್ನಾಗಿ ಉರಿದು ಕಾರ್ಖಾನೆಯನ್ನೇ ನಡೆಸುತ್ತದೆ. ಅದೇ ಕಬ್ಬಿನ ರವದಿ, ಗರಿಗರಿ ಒಣಗಿದ್ದರೂ, ಹೊಲದಲ್ಲಿ ಆಕಾಶ ಮುಚ್ಚುವಷ್ಟು ಹೊಗೆ ಬಿಡುತ್ತದೆ. ಬಾಯ್ಲರಿನ ಕುಲುಮೆಯ ಗೋಡೆಗಳು ಶಾಖವನ್ನು ಹಿಡಿದಿಡುತ್ತವೆ, ಫ್ಯಾನ್ ಬಿಸಿಗಾಳಿಯನ್ನು ನೂಕುತ್ತದೆ, ಸಿಪ್ಪೆ ಚದುರಿ ಬೀಳುತ್ತದೆ, ಹೊರಟ ಅನಿಲ ಬಿಸಿ ಜಾಗದಲ್ಲೇ ಸಾಕಷ್ಟು ಹೊತ್ತು ಇರುತ್ತದೆ. ಹೊಲದಲ್ಲಿ ರವದಿ ನೆಲಕ್ಕೆ ಅಂಟಿದೆ, ಅನಿಲ ಎರಡು ಮೀಟರ್ ಮೇಲೇರುವಷ್ಟರಲ್ಲಿ ತಣಿದಿರುತ್ತದೆ. ಇಂಧನವನ್ನು ಬೈದು ಪ್ರಯೋಜನವಿಲ್ಲ. ಉರಿಸುವ ಜಾಗ ಸರಿಯಿಲ್ಲ.

ರೈತರು ಹೇಳುವ ಇನ್ನೊಂದು ಮಾತು: ಬೂದಿ ಗೊಬ್ಬರವಲ್ಲವೇ? ಪೊಟ್ಯಾಶ್‌ನ ಮಟ್ಟಿಗೆ ಹೌದು, ಅದರ ಹೆಚ್ಚಿನ ಪಾಲು ಬೂದಿಯಲ್ಲೇ ಉಳಿಯುತ್ತದೆ. ಸಾರಜನಕದ ಬಹುಪಾಲು ಅನಿಲವಾಗಿ ಹೋಗಿಬಿಡುತ್ತದೆ, ಕಾರ್ಬನ್ನಿನ ಕಥೆ ಮೇಲೆ ನೋಡಿದೆವು. ನಮ್ಮ ಎರೆಭೂಮಿ ಮೊದಲೇ ಕ್ಷಾರೀಯ, ಅದರ ಮೇಲೆ ಕ್ಷಾರದ ಬೂದಿ ಸುರಿಯುವುದರಲ್ಲಿ ಲಾಭ ಕಡಿಮೆ.

ಬೇಸಿಗೆಯ ಒಂದು ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಣವೆಗೆ ಬೆಂಕಿ ಬಿದ್ದಾಗ ‘ಬಿಸಿಲಿಗೆ ತಾನೇ ಹತ್ತಿತು’ ಎನ್ನುತ್ತಾರೆ. ಕಲಬುರಗಿಯ ಬಿಸಿಲು 44–45 ಡಿಗ್ರಿ. ಒಣಹುಲ್ಲು ಹೊತ್ತಲು 200 ಡಿಗ್ರಿಗೂ ಬಹಳ ಮೇಲೆ ಬೇಕು. ಬಿಸಿಲು ಹುಲ್ಲನ್ನು ಒಣಗಿಸಿ ಕಿಡಿಗೆ ಸಿದ್ಧ ಮಾಡುತ್ತದೆ, ಕಿಡಿ ಬೀಡಿಯಿಂದಲೋ ವಿದ್ಯುತ್ ತಂತಿಯಿಂದಲೋ ಬಂದಿರುತ್ತದೆ. ತಾನಾಗಿ ಹತ್ತುವುದು ಸಾಧ್ಯವಿಲ್ಲವೆಂದಲ್ಲ. ಅದಾಗುವುದು ಹಸಿಯಿದ್ದಾಗಲೇ ಒಟ್ಟಿದ ಬಣವೆಯಲ್ಲಿ: ಸೂಕ್ಷ್ಮಜೀವಿಗಳು ಒಳಗೆ ಶಾಖ ಹುಟ್ಟಿಸುತ್ತವೆ, ದಪ್ಪ ಹುಲ್ಲು ಅದನ್ನು ಹೊರಗೆ ಬಿಡುವುದಿಲ್ಲ, ಒಂದು ಹಂತ ದಾಟಿದ ಮೇಲೆ ನಿಧಾನದ ಆಕ್ಸಿಡೀಕರಣವೇ ಮುಂದಿನ ಬಿಸಿ ಏರಿಸುತ್ತದೆ. ಬಣವೆಯೊಳಗೆ ಕೈ ಹಾಕಿದಾಗ ಬಿಸಿಯಾಗಿದ್ದು, ಸುಟ್ಟ ಬೆಲ್ಲದಂಥ ವಾಸನೆ ಬಂದರೆ ಸುಮ್ಮನೆ ಬಿಡಬಾರದು. ಗಡಿಬಿಡಿಯಲ್ಲಿ ಬಿಚ್ಚಲೂ ಬಾರದು, ಗಾಳಿ ಸಿಕ್ಕ ಕೂಡಲೇ ಭಗ್ಗೆನ್ನುತ್ತದೆ. ನೀರು, ಅಗ್ನಿಶಾಮಕ ದಳ ಹತ್ತಿರ ಇದ್ದ ಮೇಲೆಯೇ ಬಿಚ್ಚಬೇಕು.

ಹಾಗಾದರೆ ಕಟ್ಟಿಗೆ ಏನು ಮಾಡುವುದು? ಸಣ್ಣಗೆ ಕತ್ತರಿಸಿ ಮಣ್ಣಿಗೆ ಸೇರಿಸುವುದು ಮೊದಲ ಆಯ್ಕೆ, ಯಂತ್ರದ ಬಾಡಿಗೆ ಕೊಡಲು ಆಗುವವರಿಗೆ. ಆಗದವರಿಗೆ ಇದ್ದಲು ಮಾಡುವ ದಾರಿಯಿದೆ. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಕೇಂದ್ರ ಕ್ರಿಡಾ ಡ್ರಮ್ಮಿನಲ್ಲಿ ಇದ್ದಲು ಮಾಡುವ ಒಲೆಯನ್ನೇ ರೂಪಿಸಿದೆ. ಡ್ರಮ್ಮಿಲ್ಲದೆ ಗುಂಡಿಯಲ್ಲೂ ಆಗುತ್ತದೆ, ದಹನದ ಪಾಠ ಪೂರ್ತಿ ಅದರಲ್ಲಿ ಕಾಣುತ್ತದೆ. ಇದು ದೊಡ್ಡವರ ಕೆಲಸ, ವಿದ್ಯಾರ್ಥಿಗಳು ದೂರ ನಿಂತು ನೋಡಬೇಕು. ಮೇಲೆ ಒಂದೂವರೆ ಮೀಟರ್ ಅಗಲ, ಮುಕ್ಕಾಲು ಮೀಟರ್ ಆಳ, ಬಾಣಲೆಯ ಹಾಗೆ ಇಳಿಜಾರು ಗೋಡೆ. ಸುತ್ತ ಐದಾರು ಮೀಟರ್ ಕೂಳೆ, ಕಸ ತೆಗೆದಿರಬೇಕು. ಬೀಸುಗಾಳಿಯ ದಿನ ಬೇಡ. ಬಗ್ಗಿಸಿದರೆ ಚಟ್ಟನೆ ಮುರಿಯುವಷ್ಟು ಒಣಗಿದ ಕಟ್ಟಿಗೆ. ತಳದಲ್ಲಿ ಒಂದು ಸಣ್ಣ ಗುಪ್ಪೆ ಮಾಡಿ ಬೆಂಕಿಯನ್ನು ಅದರ ಮೇಲುತುದಿಗೆ ಹಚ್ಚುತ್ತಾರೆ, ಕೆಳಗಿನಿಂದ ಅಲ್ಲ. ಆಗ ಕೆಳಗಿನ ಕಟ್ಟಿಗೆ ಬಿಟ್ಟ ಅನಿಲ ಮೇಲಿನ ಜ್ವಾಲೆಯ ಮೂಲಕವೇ ಹಾದುಹೋಗಬೇಕು, ಅಲ್ಲೇ ಬಿಸಿಯೂ ಗಾಳಿಯೂ ಎರಡೂ ಸಿಗುತ್ತವೆ. ಜ್ವಾಲೆ ತನ್ನ ಪಾಲಿನ ಆಕ್ಸಿಜನ್ ಅಲ್ಲೇ ಮುಗಿಸುವುದರಿಂದ ಕೆಳಗಿನ ಇದ್ದಲು ಬೂದಿಯಾಗದೆ ಉಳಿಯುತ್ತದೆ. ಕೆಂಡದ ಮೈಮೇಲೆ ಬಿಳಿ ಬೂದಿ ಕಾಣತೊಡಗಿದಾಗ ಮುಂದಿನ ಪದರ, ತೆಳ್ಳಗೆ. ಹೊಗೆ ಎದ್ದರೆ ಒಂದೇ ಸಲ ಹೆಚ್ಚು ಹಾಕಿದ್ದೀರಿ ಅಥವಾ ಹಸಿ ಸೇರಿದೆ. ಬೂದಿ ಹೆಚ್ಚಾದರೆ ತಡ ಮಾಡಿದ್ದೀರಿ. ಹಾಕಿದ ತೂಕದ ಕಾಲು ಪಾಲು ಅಥವಾ ಅದಕ್ಕೂ ಕಡಿಮೆ ಇದ್ದಲು ಸಿಗುತ್ತದೆ. ಅದನ್ನು ಒಂಟಿಯಾಗಿ ಹೊಲಕ್ಕೆ ಚೆಲ್ಲದೆ ತಿಪ್ಪೆಗೊಬ್ಬರದಲ್ಲಿ ಬೆರೆಸಿ ಕೊಳೆಸಿ ಹಾಕಬೇಕು.

ಗುಂಡಿ ತುಂಬಿ ಜ್ವಾಲೆ ತಗ್ಗಿದ ಕೂಡಲೇ ನೀರು ಬೇಕು, ಕೊಡಗಟ್ಟಲೆ, ತಳ ಮುಟ್ಟುವವರೆಗೆ. ಮೇಲಷ್ಟೇ ತೋಯಿಸಿ ಮನೆಗೆ ಹೋದರೆ ಒಳಗೆ ಉಳಿದ ಒಂದೆರಡು ಕೆಂಡ ರಾತ್ರಿಯಿಡೀ ಗಾಳಿ ಎಳೆದುಕೊಳ್ಳುತ್ತ ಸದ್ದಿಲ್ಲದೆ ಉರಿಯುತ್ತವೆ, ಬೆಳಗ್ಗೆ ಗುಂಡಿಯಲ್ಲಿ ಬೂದಿ ಮಾತ್ರ ಇರುತ್ತದೆ.